ಅಂಬಡೆಪದವು ಶಾಲೆಯ ಚೀಟಿ ಗೋಣಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ — ಈ ಮೂರು ತಾಲೂಕಿನ ಪೊಲೀಸರಿಗೆ ಸಿಗದ ನೂರು ಕಳ್ಳರನ್ನು ನಾನು ಒಬ್ಬಳೇ ಹಿಡಿದಿದ್ದೇನೆ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಎರಡು ತಾಲೂಕು ಸುಳ್ಳು, ತೊಂಬತ್ತೊಂಬತ್ತು ಕಳ್ಳರೂ ಸುಳ್ಳು. ಉಳಿದ ಒಬ್ಬನ ಕಥೆ ಮಾತ್ರ ಅಪ್ಪಟ ಸತ್ಯ. ಅದನ್ನೇ ಹೇಳುತ್ತೇನೆ, ಕೇಳಿ.

ಶನಿವಾರ ಬೆಳಿಗ್ಗೆ ಎಂಟೂವರೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಶಾಲೆಯ ಕಡೆಯಿಂದ ಒಂದು ಕೂಗು ಬಂತು. ಆ ಕೂಗಿಗೆ ಚಾರ್ಮಾಡಿ ಘಾಟಿ ಹತ್ತುತ್ತಿದ್ದ ಬಸ್ಸು ಸಹ ಒಮ್ಮೆ ನಿಂತಿರಬೇಕು.

"ಅಪ್ಪಿಯಕ್ಕಾ! ಗೋಣಿ ಇಲ್ಲ!"

ಕೂಗಿದವರು ಅನಂತಮತಿ ಟೀಚರ್. ನಮ್ಮ ಅಂಬಡೆಪದವು ಸರಕಾರಿ ಶಾಲೆಗೆ ಅವರೇ ಹೆಡ್ಡು. ದಿನಾ ಮೂಡುಬಿದಿರೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ಮಕ್ಕಳಿಗೆ ಬೈಯುವಾಗಲೂ "ದಯವಿಟ್ಟು" ಎನ್ನುವ ಹೆಂಗಸು. ಹನ್ನೊಂದು ವರ್ಷದಲ್ಲಿ ಅವರ ದನಿ ಜೋರಾದದ್ದು ಅವತ್ತೇ.

ನಾನು ಓಡಿದೆ. ಎಪ್ಪತ್ತೆರಡು ವರ್ಷದ ಮಂಡಿ ಓಡಿದರೆ ಎಷ್ಟು ಓಡುತ್ತದೆ? ಆದರೂ ಓಡಿದೆ ಎಂದೇ ಇಟ್ಟುಕೊಳ್ಳಿ. ಶಾಲೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಮೋಟು ಗೋಡೆ.

ಆಫೀಸು ಕೋಣೆಯ ಬಾಗಿಲು ತೆರೆದಿತ್ತು. ಬೀಗ ಒಡೆದಿರಲಿಲ್ಲ. ಕಪಾಟಿನ ಪಕ್ಕದಲ್ಲಿ ಗೋಣಿ ಇದ್ದ ಜಾಗ ಖಾಲಿ.

ಯಾವ ಗೋಣಿ ಎಂದು ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯಲಿಕ್ಕಿಲ್ಲ. ಬೆಂಗಳೂರಿನ ವಿಧಾನಸಭೆಗೆ ಒಂದು ಹೊಸ ಮಸೂದೆ ತಯಾರಾಗುತ್ತಿತ್ತು. ನಾನು ಕಲಿತದ್ದು ಎರಡನೇ ಕ್ಲಾಸು. ಟೀಚರ್ ನನಗೆ ಬಿಡಿಸಿ ಹೇಳಿದ್ದು ಹೀಗೆ. ಜನ ಮೊಬೈಲಿನಲ್ಲಿ ಒತ್ತಿ ಒತ್ತಿ ಸಾಮಾನು ತರಿಸುತ್ತಾರಲ್ಲ, ಅದಕ್ಕೆ ಸರಕಾರ ತೆರಿಗೆ ಹಿಡಿಯುತ್ತದೆ. ಆ ತೆರಿಗೆಯಲ್ಲಿ ಒಂದು ಪಾಲು, ಪಾರ್ಸೆಲ್ ಯಾವ ಊರಿಗೆ ಬಂತೋ ಆ ಊರಿನ ಸರಕಾರಿ ಶಾಲೆಗೆ ಸಿಗಬೇಕು. ಮೊದಲು ಜಿಲ್ಲೆಗೆ ಹತ್ತೇ ಶಾಲೆ. ಒಂದು ವರ್ಷದಲ್ಲಿ ಸಾವಿರ ಪಾರ್ಸೆಲ್ ಬಂದ ಊರು ಮಾತ್ರ ಅರ್ಜಿ ಹಾಕಬಹುದು, ಸಾವಿರಕ್ಕೂ ಸಾಕ್ಷಿ ಬೇಕು. ಶಾಸಕರ ಸಮಿತಿ ಸೋಮವಾರ ಬಂಟ್ವಾಳಕ್ಕೆ ಬಂದು ನೋಡುತ್ತದೆ.

ನಮಗೆ ಅದು ಸಿಗಲೇಬೇಕಿತ್ತು. ಶಾಲೆಯ ಎರಡು ಕೋಣೆಗಳ ಮಾಡು ಯಾವಾಗ ಬೀಳುತ್ತದೋ ಗೊತ್ತಿಲ್ಲ, ಕೆಳಗೆ ಯಾರೂ ಕೂರಬಾರದು ಎಂದು ಇಂಜಿನಿಯರ್ ಚೀಟಿ ಅಂಟಿಸಿ ಹೋಗಿದ್ದರು. ನಲವತ್ತೊಂದು ಮಕ್ಕಳು ಜಗಲಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದರು. ದುಡ್ಡಿನ ದಾರಿ ಕಾಣದಿದ್ದರೆ ಜೂನಿಗೆ ಶಾಲೆಗೆ ಬೀಗ, ಮಕ್ಕಳೆಲ್ಲ ವಾಮದಪದವಿಗೆ. ಆರು ವರ್ಷದ ಮಗು, ಮಳೆಗಾಲದಲ್ಲಿ, ತೋಡು ದಾಟಿ, ಐದು ಕಿಲೋಮೀಟರ್!

ಹಾಗಾಗಿ ಮಕ್ಕಳು ಮೂರು ತಿಂಗಳು ಊರೆಲ್ಲ ಜಾಲಾಡಿದರು. ಪಾರ್ಸೆಲ್ ಡಬ್ಬದ ಒಳಗೆ ಒಂದು ಬಿಲ್ಲಿನ ಚೀಟಿ ಇರುತ್ತದೆ. ಹೆಸರು, ವಿಳಾಸ, ಸಾಮಾನು, ತೆರಿಗೆ, ಎಲ್ಲ ಅದರಲ್ಲಿ ಉಂಟು. ಅಟ್ಟದಿಂದ, ಕಸದ ಗುಂಡಿಯಿಂದ, ಕೋಳಿಗೂಡಿನ ಅಡಿಯಿಂದ ಚೀಟಿ ತಂದರು. ಕಟ್ಟಿದವರು ತಾಯಂದಿರು. ನಮ್ಮೂರ ತಾಯಂದಿರೆಲ್ಲ ಬೀಡಿ ಕಟ್ಟುವವರು. ಅವರ ಕೈಗೆ ಏನು ಕೊಟ್ಟರೂ ಇಪ್ಪತ್ತೈದರ ಕಟ್ಟೇ ಆಗುವುದು. ನಲವತ್ತೆರಡು ಕಟ್ಟು, ಒಟ್ಟು ಸಾವಿರದ ಐವತ್ತು ಚೀಟಿ. ಬಿಸಿಯೂಟದ ಅಕ್ಕಿ ಗೋಣಿಯಲ್ಲಿ ತುಂಬಿ ಶುಕ್ರವಾರ ಸಂಜೆ ಇಟ್ಟದ್ದು. ಶನಿವಾರ ಬೆಳಿಗ್ಗೆ ಮಾಯ!

ಅರ್ಧ ಗಂಟೆಯಲ್ಲಿ ಊರು ಸೇರಿತು. ಮೊದಲು ಬಾಯಿ ತೆರೆದವಳು ಕುಸುಮ.

"ಕೀಲಿ ಇರುವುದು ಎಲ್ಲಿ? ಅಪ್ಪಿಯಕ್ಕನ ಜಗಲಿಯ ಮೊಳೆಯಲ್ಲಿ. ಮತ್ತೆ ಕಳ್ಳಿಯನ್ನು ಹುಡುಕಲಿಕ್ಕೆ ದೂರ ಯಾಕೆ ಹೋಗುವುದು?"

"ನಾನು ಕದ್ದಿದ್ದರೆ ಇಷ್ಟು ಹೊತ್ತಿಗೆ ಅದರಲ್ಲಿ ಹೊಗೆಸೊಪ್ಪು ಸುತ್ತಿ ಬ್ರಾಂಚಿಗೆ ಕೊಟ್ಟು ಆಗುತ್ತಿತ್ತು ಮಾರಾಯ್ತಿ," ಎಂದೆ. ಬ್ರಾಂಚ್ ಎಂದರೆ ನಾವು ಬೀಡಿ ಒಪ್ಪಿಸುವ ಜಾಗ. "ಕೀಲಿ ಅಲ್ಲಿರುವುದು ಊರ ನಾಯಿಗೂ ಗೊತ್ತುಂಟು. ಅದಿರಲಿ, ನಿನ್ನೆ ನೀನು ನಿನ್ನ ಮನೆಯ ಚೀಟಿ ವಾಪಸ್ ಬೇಕು ಎಂದು, ಚೀಟಿ ಕಟ್ಟುತ್ತಿದ್ದ ಸಜ್ನಾನ ಹತ್ತಿರ ಗೋಗರೆದದ್ದು ಯಾಕೆ?"

ಕುಸುಮನ ಮುಖ ಬಾಡಿತು. ಅವಳು ಕೂದಲಿನ ಎಣ್ಣೆ ಕಾಯಿಸಿ ಮಾರುವವಳು. ಅರುವತ್ತು ದಾಟಿದರೂ ಅವಳ ತಲೆ ಕಾಗೆಯ ಹಾಗೆ ಕಪ್ಪು. ಆ ತಲೆ ನೋಡಿಯೇ ಜನ ಎಣ್ಣೆ ಕೊಳ್ಳುವುದು.

"ಅದು... ಸುಮ್ಮನೆ."

"ಸುಮ್ಮನೆ ಯಾರಾದರೂ ಗೋಗರೆಯುತ್ತಾರಾ? ಚೀಟಿಯಲ್ಲಿ ಏನು ಬರೆದಿತ್ತು?"

ಅವಳು ನನ್ನನ್ನು ಬಾವಿಕಟ್ಟೆಯ ಹತ್ತಿರ ಎಳೆದಳು. ಕಿವಿಯಲ್ಲಿ ಹೇಳಿದಳು. "ತಲೆಗೆ ಹಚ್ಚುವ ಬಣ್ಣ. ತಿಂಗಳಿಗೆ ಎರಡು ಪ್ಯಾಕೆಟ್. ಯಾರಿಗೂ ಹೇಳಬೇಡಿ ಅಪ್ಪಿಯಕ್ಕ!"

ನಾನು ಯಾರಿಗೂ ಹೇಳಲಿಲ್ಲ. ನಿಮಗೊಬ್ಬರಿಗೇ ಹೇಳಿದ್ದು.

ಅಷ್ಟರಲ್ಲಿ ಬೈಕು ಬಂತು. ಅಬ್ದುಲ್ ಶುಕೂರ್ — ಊರಿಗೆಲ್ಲ ಪಾರ್ಸೆಲ್ ತರುವವನು. ಶುಕ್ರವಾರ ಸಂಜೆ ಅವನ ಬೈಕಿನ ಹಿಂದೆ ದೊಡ್ಡ ಗೋಣಿ ಇದ್ದದ್ದನ್ನು ನಾಲ್ಕು ಜನ ನೋಡಿದ್ದರು.

"ಶುಕೂರ್, ನಿನ್ನೆ ಗೋಣಿಯಲ್ಲಿ ಏನಿತ್ತು?"

"ಚಪ್ಪಲಿ."

"ಗೋಣಿ ತುಂಬ ಚಪ್ಪಲಿಯಾ?"

"ಹೌದು ಅಪ್ಪಿಯಕ್ಕ. ಮೊನ್ನೆ ಸಿದ್ಧಕಟ್ಟೆಯಲ್ಲಿ ಮದುವೆ ಇತ್ತಲ್ಲ? ಜನ ಚಪ್ಪಲಿ ತರಿಸಿದರು, ಹಾಕಿದರು, ಕುಣಿದರು. ಮರುದಿನ ಸೈಜ್ ಆಗುವುದಿಲ್ಲ ಅಂತ ಎಲ್ಲ ವಾಪಸ್. ಒಂದಕ್ಕೆ ಸಾರು ತಾಗಿದ್ದು ಹಾಗೇ ಉಂಟು. ಬೇಕಾದರೆ ತೋರಿಸ್ತೇನೆ."

"ಈ ಚೀಟಿ ಲೆಕ್ಕ ಆಗಿ, ಜನ ಪಾರ್ಸೆಲ್ ತರಿಸುವುದು ಕಡಿಮೆ ಮಾಡಿದರೆ ನಿನಗೆ ನಷ್ಟ ಅಲ್ಲವಾ?"

ಅವನು ಹೆಲ್ಮೆಟ್ ತೆಗೆದು ಎದೆಗೆ ಹಿಡಿದ. "ನನ್ನ ಮಗಳು ಫಾಯಿಝಾ ಮೂರನೇ ಕ್ಲಾಸು, ಇದೇ ಜಗಲಿಯಲ್ಲಿ ಕೂರುವುದು. ನಾನು ಕದಿಯುವುದಾ?"

ಆಗ ಬಂದರು ರಮಾನಾಥ ಶೆಟ್ರು. ಊರಿಗಿರುವ ಒಂದೇ ಅಂಗಡಿ ಅವರದ್ದು. ಶಾಲೆಯ ಸಮಿತಿಗೆ ಅಧ್ಯಕ್ಷರೂ ಅವರೇ. ಅಂಗಡಿಯ ಮುಂದೆ ಆಳೆತ್ತರದ ಬೋರ್ಡು: "ಆನ್‌ಲೈನ್ ಬೇಡ, ಊರಿನ ಅಂಗಡಿ ಬೆಳೆಸುವ." ಪಾರ್ಸೆಲ್ ಬೈಕು ಕಂಡರೆ ಅವರಿಗೆ ಮೈ ಉರಿ. ಆನ್‌ಲೈನಿನವರಿಗೆ ಇನ್ನೂ ನಾಲ್ಕು ಪಟ್ಟು ತೆರಿಗೆ ಹಾಕಿ ಎಂದು ಪಂಚಾಯತಿನಲ್ಲಿ ಮೇಜು ಗುದ್ದಿ, ಮೇಜಿನ ಕಾಲು ಮುರಿದವರು. ಈ ಚೀಟಿಯ ಕೆಲಸಕ್ಕೆ ಅವರಷ್ಟು ಹುರುಪು ಬೇರೆ ಯಾರಿಗೂ ಇರಲಿಲ್ಲ.

"ಇದು ಬೆಳ್ತಂಗಡಿಯವರ ಕೆಲಸ!" ಎಂದು ಗುಡುಗಿದರು. "ಹತ್ತು ಶಾಲೆಯಲ್ಲಿ ಅವರದ್ದು ಬರಬೇಕು, ನಮ್ಮದು ಬೀಳಬೇಕು. ನನಗೆ ಗೊತ್ತುಂಟು!"

"ಬೆಳ್ತಂಗಡಿಯವರಿಗೆ ನನ್ನ ಜಗಲಿಯ ಮೊಳೆ ಹೇಗೆ ಗೊತ್ತು ಶೆಟ್ರೇ?"

"ನಿಮ್ಮ ಬಾಯಿ ಘಟ್ಟದ ಮೇಲೂ ಕೇಳ್ತದೆ ಅಪ್ಪಿಯಕ್ಕ. ಮೊಳೆ ಗೊತ್ತಾಗುವುದು ದೊಡ್ಡ ವಿಷಯವಾ?"

ಜನ ನಕ್ಕರು. ನಾನೂ ನಕ್ಕೆ. ನಿಜ ಹೇಳಿದಾಗ ನಗದೆ ಏನು ಮಾಡುವುದು?

ಟೀಚರ್ ಮಾತ್ರ ನಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, "ಇವತ್ತು ನಾನು ಒಂದೊಂದೇ ಚೀಟಿ ಓದಿ ಹೆಸರಿನ ಪಟ್ಟಿ ಮಾಡುವವಳಿದ್ದೆ. ಎಲ್ಲ ಹೋಯಿತು," ಎಂದರು. ಹಿಂದಿನ ದಿನದ ಸಭೆಯಲ್ಲಿ ಅವರು ಒಂದು ಮಾತು ಹೇಳಿದ್ದರು: ಅತಿ ಹೆಚ್ಚು ಪಾರ್ಸೆಲ್ ತರಿಸಿದ ಮನೆಯವರಿಗೆ ಬಂಟ್ವಾಳದ ಸಭೆಯಲ್ಲೇ ಶಾಲು ಹೊದಿಸಿ ಸನ್ಮಾನ ಮಾಡುವ ಎಂದು. ನಮ್ಮ ಕಡೆ ಸನ್ಮಾನ ಇಲ್ಲದೆ ಸಭೆ ಮುಗಿಯುವುದುಂಟಾ? ನಾಯಿಗೆ ಲಸಿಕೆ ಹಾಕುವ ಕಾರ್ಯಕ್ರಮದಲ್ಲೂ ಇಬ್ಬರಿಗೆ ಹಾರ ಬೀಳುತ್ತದೆ.

ಇಡೀ ದಿನ ಹುಡುಕಿದೆವು. ತೋಡು ನೋಡಿದೆವು, ಗುಡ್ಡ ನೋಡಿದೆವು. ಏನೂ ಇಲ್ಲ.

ಭಾನುವಾರ ಬೆಳಿಗ್ಗೆ ನಾನು ಬಾಗಿಲು ತೆರೆದು ನೋಡುತ್ತೇನೆ — ಶಾಲೆಯ ಜಗಲಿಯಲ್ಲಿ ಗೋಣಿ!

ಈ ಸಲ ಕೂಗಿದ್ದು ನಾನು. ಚಾರ್ಮಾಡಿಯ ಬಸ್ಸಿನ ಗತಿ ಏನಾಯಿತೋ ಗೊತ್ತಿಲ್ಲ.

ಫೋನ್ ಮಾಡಿದ್ದೇ ತಡ, ಟೀಚರ್ ರಜೆಯಾದರೂ ಮೂಡುಬಿದಿರೆಯಿಂದ ಓಡಿ ಬಂದರು. ಕಟ್ಟುಗಳನ್ನು ಎಣಿಸಿದರು. ನಲವತ್ತು, ನಲವತ್ತೊಂದು, ನಲವತ್ತೆರಡು! ಒಂದೂ ಕಡಿಮೆ ಇಲ್ಲ. ಅವರ ಕಣ್ಣಲ್ಲಿ ನೀರು ಬಂತು. ಎಲ್ಲರ ಮುಖವೂ ಅರಳಿತು.

"ಕಳ್ಳನಿಗೆ ಬುದ್ಧಿ ಬಂತು," ಎಂದರು ಶೆಟ್ರು. "ಇನ್ನು ಯಾರೂ ಮುಟ್ಟುವುದು ಬೇಡ. ಬಾಯಿ ಹೊಲಿದು ಹಾಗೇ ಬಂಟ್ವಾಳಕ್ಕೆ ಕೊಂಡುಹೋಗುವ."

"ಒಂದು ನಿಮಿಷ," ಎಂದೆ.

"ಮತ್ತೆಂಥದು ಅಪ್ಪಿಯಕ್ಕ? ಎಣಿಸಿ ಆಯಿತಲ್ಲ?"

ಗೋಣಿಯೊಳಗೆ ಕೈ ಹಾಕಿದೆ. ನನ್ನ ಕಣ್ಣು ಮಂದ, ಬೆರಳು ಮಂದ ಅಲ್ಲ. ಐವತ್ತೈದು ವರ್ಷ ಬೀಡಿ ಕಟ್ಟಿದ ಬೆರಳು. ಒಂದೊಂದೇ ಕಟ್ಟಿನ ನೂಲು ಸವರಿದೆ. ಕೆಲವನ್ನು ಬಲಕ್ಕೆ ಇಟ್ಟೆ, ಕೆಲವನ್ನು ಎಡಕ್ಕೆ. ಎಡಕ್ಕೆ ಹನ್ನೊಂದು ಕಟ್ಟು ಬಿತ್ತು.

"ಟೀಚರೇ, ಈ ಹನ್ನೊಂದನ್ನು ಬಿಚ್ಚಿ."

ಬಿಚ್ಚಿದರು. ಮೇಲೆ ಚೀಟಿ, ಕೆಳಗೆ ಚೀಟಿ, ನಡುವೆ ನೋಟುಪುಸ್ತಕದ ಬಿಳಿ ಹಾಳೆ! ಚೀಟಿಯ ಅಳತೆಗೇ ಕತ್ತರಿಸಿದ್ದು. ಒಂದರಲ್ಲಿ ಆರು, ಒಂದರಲ್ಲಿ ಎಂಟು. ಹನ್ನೊಂದು ಕಟ್ಟಿಗೆ ಸೇರಿ ಎಪ್ಪತ್ತೈದು ಬಿಳಿ ಹಾಳೆ.

ಟೀಚರ್ ನೆಲಕ್ಕೆ ಕುಕ್ಕರಿಸಿದರು. "ಇದನ್ನು ಸಮಿತಿಯವರು ಬಿಚ್ಚಿದ್ದರೆ... ನಾವೇ ಮೋಸ ಮಾಡಿದ್ದೇವೆ ಎನ್ನುತ್ತಿದ್ದರು. ಈಗ ಉಳಿದದ್ದು ಒಂಬೈನೂರ ಎಪ್ಪತ್ತೈದು. ಸಾವಿರ ಇಲ್ಲ. ಶಾಲೆ ಮುಚ್ಚುತ್ತದೆ ಅಪ್ಪಿಯಕ್ಕ."

ನಾನು ಎರಡೇ ವರ್ಷ ಕಲಿತದ್ದಾದರೂ ಕಲಿತದ್ದು ಆ ಶಾಲೆಯಲ್ಲೇ. ಆದರೆ ಅಳಲಿಕ್ಕೆ ಹೊತ್ತು ಇರಲಿಲ್ಲ.

"ಆಯಿತು, ಬಿಚ್ಚಿದ್ದನ್ನು ಮೊದಲು ಕಟ್ಟುವ," ಎಂದೆ. "ಗಾಳಿಗೆ ಹಾರಿದರೆ ಇದ್ದದ್ದೂ ಹೋದೀತು. ಕುಸುಮ, ಬಾ. ಶುಕೂರ್, ನೀನೂ ಕೂತುಕೋ. ಶೆಟ್ರೇ, ಅಧ್ಯಕ್ಷರು ಅಂತ ನಿಂತರೆ ಆಗುತ್ತದಾ? ಒಂದು ಕಟ್ಟು ಹಿಡಿಯಿರಿ."

ಮನೆಯಿಂದ ಬೀಡಿಯ ನೂಲು, ಕತ್ತರಿ ತಂದು ನಡುವೆ ಇಟ್ಟೆ.

ಕುಸುಮ ಹೂವು ಕಟ್ಟುವವಳ ಹಾಗೆ ಕಾಲಿನ ಹೆಬ್ಬೆರಳಿಗೆ ನೂಲು ಸಿಕ್ಕಿಸಿ, ಗಂಟಿನ ಮೇಲೆ ಗಂಟು ಹಾಕಿದಳು. ಐದು ಗಂಟು! ಬಿಚ್ಚಲಿಕ್ಕೆ ಮಚ್ಚು ಬೇಕು.

ಶುಕೂರ್ ನೂಲನ್ನು ಹಾವು ಹಿಡಿದ ಹಾಗೆ ಹಿಡಿದ. ಎರಡು ಸಲ ಸುತ್ತಿದ. ಚೀಟಿಯೆಲ್ಲ ಜಾರಿ ಕೆಳಗೆ. "ಅಪ್ಪಿಯಕ್ಕ, ಟೇಪ್ ಉಂಟಾ?" ಎಂದ.

ಶೆಟ್ರು ನೂಲಿನ ಕಡೆ ನೋಡಲೇ ಇಲ್ಲ. "ಬೆಳ್ತಂಗಡಿಯವರನ್ನು ನಾನು ಬಿಡುವುದಿಲ್ಲ! ನಾಳೆ ಸಮಿತಿಯ ಎದುರೇ ಕೇಳ್ತೇನೆ!" ಎಂದು ಕೂಗುತ್ತಿದ್ದರು. ಬಾಯಿ ಬೆಳ್ತಂಗಡಿಯಲ್ಲಿ, ಕೈ ಅದರಷ್ಟಕ್ಕೆ ಕೆಲಸದಲ್ಲಿ. ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಮೇಲೆ ಬೆರಳು ತೂರುವಷ್ಟು ಒಂದು ಕುಣಿಕೆ. ನೂಲನ್ನು ಬೆರಳಿಗೆ ಸುತ್ತಿ ಒಂದು ಜಗ್ಗು — ಟಪ್! ತುಂಡು. ಕತ್ತರಿ ಮುಟ್ಟಲೇ ಇಲ್ಲ.

"ಶೆಟ್ರೇ," ಎಂದೆ, "ಚೀಟಿಯ ಕಟ್ಟಿಗೆ ಕುಣಿಕೆ ಯಾಕೆ?"

"ಎಂಥ ಕುಣಿಕೆ?"

"ನಿಮ್ಮ ಕೈಯಲ್ಲಿ ಉಂಟಲ್ಲ, ಅದು. ಬೆಲ್ಲದ ಪೊಟ್ಟಣಕ್ಕೆ ಹಾಕ್ತೀರಲ್ಲ, ಗಿರಾಕಿ ಬೆರಳಿಗೆ ತೂಗಿಸಿಕೊಂಡು ಹೋಗಲಿಕ್ಕೆ."

ಅವರ ಬಾಯಿ ಬೆಳ್ತಂಗಡಿಯಿಂದ ವಾಪಸ್ ಬಂತು. ತಮ್ಮ ಕೈಯನ್ನು ತಾವೇ ನೋಡಿದರು — ಬೇರೆ ಯಾರದ್ದೋ ಕೈ ನೋಡಿದ ಹಾಗೆ.

"ಎಲ್ಲರೂ ಕಟ್ಟು ಎಷ್ಟು ಎಂದು ಎಣಿಸಿದಿರಿ," ಎಂದೆ. "ಹೇಗೆ ಕಟ್ಟಿದ್ದು ಎಂದು ಒಬ್ಬರೂ ನೋಡಲಿಲ್ಲ. ಸಜ್ನಾ, ಬೀಡಿಯ ಕಟ್ಟನ್ನು ನೀನು ಹೇಗೆ ಕಟ್ಟುವುದು?"

"ಮೂರು ಸುತ್ತು ಸುತ್ತಿ ತುದಿಯನ್ನು ಉಗುರಿನಲ್ಲಿ ಒಳಗೆ ತುರುಕುವುದು," ಎಂದಳು ಸಜ್ನಾ. "ಗಂಟು ಹಾಕಿದರೆ ಬ್ರಾಂಚಿನವರು ಬೈತಾರೆ. ನೂಲು ಕತ್ತರಿಯಲ್ಲೇ ಕತ್ತರಿಸುವುದು."

"ಕೇಳಿದಿರಾ? ಮೂವತ್ತೊಂದು ಕಟ್ಟು ಹಾಗೇ ಉಂಟು. ಈ ಹನ್ನೊಂದು ಅಡ್ಡ-ಉದ್ದ ಸುತ್ತಿ, ಕುಣಿಕೆ ಹಾಕಿ, ಜಗ್ಗಿ ತುಂಡು ಮಾಡಿದ್ದು. ಕುಣಿಕೆಯನ್ನು ಆಮೇಲೆ ಒತ್ತಿ ಚಪ್ಪಟೆ ಮಾಡಿದ್ದೀರಿ ಶೆಟ್ರೇ, ಆದರೆ ಬಿಚ್ಚಿಲ್ಲ. ನೂಲಿನ ತುದಿ ಬೆಕ್ಕಿನ ಮೀಸೆಯ ಹಾಗೆ ಕೆದರಿದೆ. ಈ ಊರಿನಲ್ಲಿ ಇನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟುವ ಅಂಗಡಿ ಎಷ್ಟುಂಟು?"

"ಒಂದೇ," ಎಂದ ಶುಕೂರ್.

"ಸುಳ್ಳು! ನಾನ್ಯಾಕೆ ಕದಿಯಲಿ?" ಶೆಟ್ರ ದನಿ ಸಣ್ಣದಾಗಿತ್ತು. "ಈ ಮಸೂದೆ ಬರಬೇಕು ಅಂತ ಎಲ್ಲರಿಗಿಂತ ಜಾಸ್ತಿ ಹೇಳಿದವನು ನಾನು!"

"ಹೌದು. ನಿಮಗೆ ಮಸೂದೆ ಬೇಕು, ಶಾಲೆಯೂ ಬೇಕು. ಅದಕ್ಕೇ ಗೋಣಿಯನ್ನು ಸುಡಲಿಲ್ಲ. ನಿಮಗೆ ಬೇಡದ್ದು ಒಂದೇ — ಶಾಲು."

"ಶಾಲು ಬೇಡವಾ?" ಎಂದರು ಟೀಚರ್.

"ಮಕ್ಕಳು ಕಸದ ಗುಂಡಿಯಿಂದಲೂ ಚೀಟಿ ಹೆಕ್ಕಿದರಲ್ಲ ಟೀಚರೇ, ಅಂಗಡಿಯ ಹಿಂದಿನ ಗುಂಡಿಯನ್ನು ಬಿಟ್ಟಿರುತ್ತಾರಾ? ಶುಕ್ರವಾರ ನೀವು ಹೇಳಿದಿರಿ: ನಾಳೆ ಹೆಸರು ಓದ್ತೇನೆ, ಜಾಸ್ತಿ ಬಂದವರಿಗೆ ಶಾಲು ಅಂತ. ಶೆಟ್ರಿಗೆ ಚಳಿ ಹಿಡಿಯಿತು. ಅವರ ಚೀಟಿಗಳು ಹತ್ತಾರು ಕಟ್ಟಿನಲ್ಲಿ ಚದುರಿದ್ದವು, ನಿಂತ ಜಾಗದಲ್ಲಿ ಹೆಕ್ಕಲಿಕ್ಕೆ ಆಗುವುದಿಲ್ಲ. ಹಾಗಾಗಿ ಗೋಣಿಯನ್ನೇ ಹೊತ್ತುಕೊಂಡು ಹೋದರು. ತಮ್ಮ ಎಪ್ಪತ್ತೈದು ತೆಗೆದರು, ಲೆಕ್ಕಕ್ಕೆ ಬಿಳಿ ಹಾಳೆ ತುಂಬಿಸಿದರು, ತಂದು ಇಟ್ಟರು. ಶೆಟ್ರೇ, ಹೇಳಿ. ಎಂಥ ತರಿಸಿದ್ದು?"

ಶೆಟ್ರು ಜಗಲಿಯ ಅಂಚಿನಲ್ಲಿ ಕೂತರು.

"ಬಾಲ್ದಿ," ಎಂದರು. "ಬಾಚಣಿಗೆ. ಟಾರ್ಚು. ಕೊಡೆ."

"ಅಂಗಡಿಯಲ್ಲಿ ಮಾರಲಿಕ್ಕಾ?" ಕುಸುಮ ಬಾಯಿ ಬಿಟ್ಟಳು. "ಮಂಗಳೂರಿನಿಂದ ತಂದದ್ದು ಅಂತ ಹೇಳಿದಿರಲ್ಲ?"

"ಸಗಟಿನವರ ಲಾರಿ ಈ ಊರಿಗೆ ಬರುವುದು ನಿಂತು ಎರಡು ವರ್ಷ ಆಯಿತು. ಹತ್ತು ಬಾಲ್ದಿಗಾಗಿ ಯಾರು ಬರ್ತಾರೆ? ರಿಯಾಯಿತಿ ಇದ್ದಾಗ ಮೊಬೈಲಿನಲ್ಲಿ ತರಿಸಿ, ಇಪ್ಪತ್ತು ರೂಪಾಯಿ ಮೇಲೆ ಇಟ್ಟು ಮಾರಿದೆ. ಬೋರ್ಡು ಹಾಕಿದವನೇ ತರಿಸುವುದು ಅಂತ ಗೊತ್ತಾದರೆ ನಾನು ಅಂಗಡಿಯ ಬಾಗಿಲು ತೆರೆಯುವುದು ಹೇಗೆ? ಸಾವಿರದ ಮೇಲೆ ಐವತ್ತು ಇದೆ, ಸ್ವಲ್ಪ ಹೋದರೆ ತೊಂದರೆ ಇಲ್ಲ ಅಂದುಕೊಂಡಿದ್ದೆ. ತೆಗೆಯುತ್ತಾ ತೆಗೆಯುತ್ತಾ ಎಪ್ಪತ್ತೈದು ಆಯಿತು ಮಾರಾಯ್ತಿ. ನನಗೇ ಆಶ್ಚರ್ಯ."

ಆ ಆನ್‌ಲೈನ್ ಹಾಳು ಎಂದು ಊರವರಿಗೆಲ್ಲ ಬೈದು, ನಾನು ಹೋದ ಮಳೆಗಾಲದಲ್ಲಿ ಹೆಮ್ಮೆಯಿಂದ ಶೆಟ್ರ ಅಂಗಡಿಯ ಕೊಡೆ ತಂದಿದ್ದೆ. ಈಗ ಗೊತ್ತಾಯಿತು, ಅದು ದೆಹಲಿಯಿಂದ ವಿಮಾನ ಹತ್ತಿ ಬಂದ ಕೊಡೆ!

"ಆ ಎಪ್ಪತ್ತೈದು ಎಲ್ಲುಂಟು?" ಟೀಚರ್ ಎದ್ದು ನಿಂತಿದ್ದರು.

"ಬಚ್ಚಲಿನ ಒಲೆಗೆ ಹಾಕಿದೆ."

ಟೀಚರ್ ಕಣ್ಣು ಮುಚ್ಚಿದರು. ಶೆಟ್ರ ಡಬ್ಬಗಳನ್ನೂ ತಂದುಕೊಟ್ಟು ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದ ಶುಕೂರ್ ಆಗ ಕೆಮ್ಮಿದ.

"ಶೆಟ್ರೇ, ಚೀಟಿ ಸುಟ್ಟರೆ ಬಿಲ್ಲು ಸಾಯುವುದಿಲ್ಲ. ನಿಮ್ಮ ಮೊಬೈಲಿನಲ್ಲಿ ಒಂದೊಂದೂ ಉಂಟು. ಪ್ರಿಂಟ್ ತೆಗೆದರೆ ಆಯಿತು."

ಶೆಟ್ರು ಅಂಗಿಯ ಕಿಸೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಮದುಮಗಳು ಸೆರಗು ಹಿಡಿದ ಹಾಗೆ! ಟೀಚರ್ ಅವರ ಎದುರು ಬಂದು ಕೈ ಚಾಚಿದರು.

"ರಮಾನಾಥ ಶೆಟ್ರೇ, ನಿಮ್ಮ ಮಾನ ಒಂದು ಕಡೆ, ನಲವತ್ತೊಂದು ಮಕ್ಕಳು ಇನ್ನೊಂದು ಕಡೆ. ದಯವಿಟ್ಟು."

ಆ "ದಯವಿಟ್ಟು" ಕೇಳಿದರೆ ಹುಲಿಯೂ ಉಗುರು ಕಳಚಿ ಕೊಟ್ಟೀತು. ಶೆಟ್ರು ಮೊಬೈಲ್ ತೆಗೆದುಕೊಟ್ಟರು.

ಸೋಮವಾರ ಬೆಳಿಗ್ಗೆ ಬಂಟ್ವಾಳದ ಜೆರಾಕ್ಸ್ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಶೆಟ್ರು ಅದರ ಮೆಟ್ಟಿಲಲ್ಲಿ ಕೂತಿದ್ದರಂತೆ. ಎಪ್ಪತ್ತೈದು ಬಿಲ್ಲು ತೆಗೆಸಿ, ತಾವೇ ಹೊತ್ತು ತಂದರು. ಸಜ್ನಾ ಅಲ್ಲೇ ನಿಂತು ಬೀಡಿಯ ಕಟ್ಟು ಕಟ್ಟಿದಳು. ಸಮಿತಿಯವರು ಮೂರು ಗಂಟೆ ಕೂತು ಸಾವಿರದ ಐವತ್ತನ್ನೂ ಎಣಿಸಿದರು, ನಡುವೆ ಎರಡು ಸಲ ಚಹಾ ಕುಡಿದರು. ಕೊನೆಗೆ ಆ ಸಮಿತಿಯ ಅಧ್ಯಕ್ಷೆ ಅಮ್ಮ ಕಾಗದದಲ್ಲಿ ಬರೆದರು: ಅಂಬಡೆಪದವು ಶಾಲೆ ಹತ್ತರ ಪಟ್ಟಿಯಲ್ಲಿ ಇರಲಿ, ಮಸೂದೆ ತೀರ್ಮಾನ ಆಗುವ ತನಕ ಮಕ್ಕಳನ್ನು ಬೇರೆ ಕಡೆ ಕಳಿಸುವುದು ಬೇಡ, ಮಾಡಿನ ರಿಪೇರಿಗೆ ಇಲಾಖೆ ಕೂಡಲೇ ಅಂದಾಜು ಮಾಡಲಿ. ಅನಂತಮತಿ ಟೀಚರ್ ಆ ಕಾಗದವನ್ನು ನಾಲ್ಕು ಸಲ ಓದಿದರು. ನಾನು ಓದದೆಯೇ ಅತ್ತೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಗ ಅಧ್ಯಕ್ಷೆ ಅಮ್ಮ ಮೈಕಿನಲ್ಲಿ ಕೇಳಿಬಿಟ್ಟರು. "ಶಾಲು ತಂದಿದ್ದೀರಲ್ಲ? ಅತಿ ಹೆಚ್ಚು ಪಾರ್ಸೆಲ್ ತರಿಸಿ ಶಾಲೆಯನ್ನು ಉಳಿಸಿದ ಆ ಮಹನೀಯರು ಯಾರು? ವೇದಿಕೆಗೆ ಬರಲಿ!"

ಟೀಚರಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಶಾಲು ಹಿಡಿದುಕೊಂಡು ನನ್ನ ಮುಖ ನೋಡಿದರು. ಶುಕೂರ್ ನನ್ನನ್ನೇ ನೋಡಿದ. ಕುಸುಮ ತಲೆ ಮುಟ್ಟಿಕೊಂಡು ನನ್ನನ್ನೇ ನೋಡಿದಳು. ಶೆಟ್ರು ಕುರ್ಚಿಯಲ್ಲಿ ಎಷ್ಟು ಕುಗ್ಗಿದ್ದರು ಎಂದರೆ, ನೀವು ಅವರನ್ನು ಮಡಚಿ ಚೀಲಕ್ಕೆ ಹಾಕಬಹುದಿತ್ತು.

ನಾನು ಎದ್ದೆ. ಮೈಕಿನ ಹತ್ತಿರ ಹೋದೆ. ಒಂದು ಹೆಸರು ಹೇಳಿದೆ, ಗಟ್ಟಿಯಾಗಿ. ಸಭೆ ಚಪ್ಪಾಳೆ ಹೊಡೆಯಿತು, ಶಾಲು ಹೊದಿಸಿದರು, ಫೋಟೋ ತೆಗೆದರು, ಪೇಪರಿನಲ್ಲೂ ಬಂತು. ಆ ಹೆಸರು ಕೇಳಿ ಶೆಟ್ರು ಎದ್ದು ನಿಂತು ಎರಡೂ ಕೈ ಮುಗಿದರು. ಆದರೆ ಅದು ಮಾನ ಉಳಿಸಿದ್ದಕ್ಕೆ ನನಗೋ, ಚಪ್ಪಾಳೆ ಹೊಡೆದದ್ದಕ್ಕೆ ಸಭೆಗೋ, ಗೊತ್ತಾಗಲಿಲ್ಲ.

ಈಗ ನೀವೇ ಹೇಳಿ ನೋಡುವ. ನಾನು ಹೇಳಿದ್ದು ಯಾರ ಹೆಸರು?